ಕೂಡುತ್ತಲೇ ಕಳೆಯುವ ಕಂಪ್ಯೂಟರ್

ಮಕ್ಕಳೇ, ಬೆಂಗಳೂರಿನ ಪುಲಿಕೇಶಿನಗರದ ಹೆಸರು ಕೇಳಿದ್ದೀರಾ? ಫ್ರೇಜರ್ ಟೌನ್ ಎಂದೂ ಕರೆಯುವ ಈ ಬಡಾವಣೆಗೆ ಚಾಲುಕ್ಯ ದೊರೆ ಇಮ್ಮಡಿ ಪುಲಿಕೇಶಿಯ ಹೆಸರಿದೆ. ಆತ ಬಾದಾಮಿಯಿಂದ ಆಳುತ್ತಿದ್ದ ಕಾಲದಲ್ಲೇ, ಕ್ರಿ.ಶ. 628ರಲ್ಲಿ, ಗಣಿತಜ್ಞ ಬ್ರಹ್ಮಗುಪ್ತನು ‘ಬ್ರಾಹ್ಮಸ್ಫುಟ ಸಿದ್ಧಾಂತ’ ಎಂಬ ಗ್ರಂಥ ಬರೆದನು. ಕೈಯಲ್ಲಿರುವ ಹಣ ‘ಧನ’, ತೀರಿಸಬೇಕಾದ ಸಾಲ ‘ಋಣ’ ಎಂದು ಹೇಳಿ, ಅವುಗಳನ್ನು ಕೂಡುವ, ಕಳೆಯುವ ನಿಯಮಗಳನ್ನು ಕೊಟ್ಟನು. ನಿಮ್ಮ ಗಣಿತ ಪುಸ್ತಕದಲ್ಲಿರುವುದೂ ಇದೇ ಪದಗಳು: ಧನ ಸಂಖ್ಯೆ, ಋಣ ಸಂಖ್ಯೆ.

ನಾವು ಋಣ ಸಂಖ್ಯೆಯನ್ನು −3 ಎಂದು ಬರೆಯುತ್ತೇವೆ. ಆದರೆ ಕಂಪ್ಯೂಟರಿಗೆ ಗೊತ್ತಿರುವುದು 0 ಮತ್ತು 1 ಮಾತ್ರ. ‘−’ ಚಿಹ್ನೆ ಅದಕ್ಕೆ ತಿಳಿಯದು. ಹಾಗಾದರೆ ಅದು ಸಾಲದ ಲೆಕ್ಕ ಇಡುವುದು ಹೇಗೆ?

ಗೋಡೆ ಗಡಿಯಾರ ನೋಡಿ. ಈಗ 5 ಗಂಟೆ ಎನ್ನೋಣ. ಚಿಕ್ಕ ಮುಳ್ಳನ್ನು 3 ಗಂಟೆ ಹಿಂದಕ್ಕೆ ತಿರುಗಿಸಿದರೆ 2ಕ್ಕೆ ಬರುತ್ತದೆ. 9 ಗಂಟೆ ಮುಂದಕ್ಕೆ ತಿರುಗಿಸಿದರೂ 2ಕ್ಕೇ ಬರುತ್ತದೆ! ಏಕೆಂದರೆ 12 − 3 = 9. ಅಂದರೆ 3 ಕಳೆಯುವ ಬದಲು 9 ಕೂಡಿದರೂ ಆಯಿತು.

ಕಂಪ್ಯೂಟರ್ ಮಾಡುವುದೂ ಇದನ್ನೇ. ನಾಲ್ಕು ಅಂಕಿಗಳ ದ್ವಿಮಾನ ಸಂಖ್ಯೆಗಳನ್ನು ತೆಗೆದುಕೊಳ್ಳೋಣ. 0000ರಿಂದ 1111ರವರೆಗೆ ಒಟ್ಟು 16 ಸಂಖ್ಯೆಗಳು. ಇದು 16 ಮನೆಗಳ ಗಡಿಯಾರ. ಇಲ್ಲಿ −3ರ ಬದಲು 16 − 3 = 13, ಅಂದರೆ 1101.

ಇದನ್ನು ಪಡೆಯಲು ಸುಲಭ ಉಪಾಯವಿದೆ. 3 ಎಂದರೆ 0011. ಇದರ 0ಗಳನ್ನು 1, 1ಗಳನ್ನು 0 ಮಾಡಿ: 1100. ಇದಕ್ಕೆ 1 ಕೂಡಿಸಿ: 1101. ಇದಕ್ಕೆ ‘ಎರಡರ ಪೂರಕ’ ಎಂದು ಹೆಸರು. ಈಗ 5 − 3 ಮಾಡೋಣ:

0101 + 1101 = 10010

ಐದನೆಯ ಅಂಕಿಗೆ ಮನೆ ಇಲ್ಲ; ಅದನ್ನು ಬಿಟ್ಟುಬಿಡಿ. ಉಳಿದದ್ದು 0010, ಅಂದರೆ 2. ಉತ್ತರ ಸರಿಯಾಗಿದೆ! ಹೀಗೆ ಕೂಡುವ ವಿದ್ಯುತ್ ಮಂಡಲವೇ ಕಳೆಯುವ ಕೆಲಸವನ್ನೂ ಮಾಡುತ್ತದೆ.

ಈ ಪದ್ಧತಿಯಲ್ಲಿ ಎಡತುದಿಯ ಅಂಕಿ 1 ಆಗಿದ್ದರೆ ಅದು ಋಣ ಸಂಖ್ಯೆ. ಹಾಗಾಗಿ ನಾಲ್ಕು ಅಂಕಿಗಳಲ್ಲಿ −8ರಿಂದ 7ರವರೆಗೆ ಮಾತ್ರ ಬರೆಯಬಹುದು. 7ಕ್ಕೆ 1 ಕೂಡಿಸಿದರೆ? 0111 + 0001 = 1000. ಕಂಪ್ಯೂಟರ್ ಇದನ್ನು −8 ಎಂದು ಓದುತ್ತದೆ! ಮನೆ ಸಾಲದಾದಾಗ ಧನವು ಋಣವಾಗಿಬಿಡುತ್ತದೆ.

ಇದು ಬರಿಯ ತಮಾಷೆಯಲ್ಲ. ಎಷ್ಟೋ ಕಂಪ್ಯೂಟರ್‌ಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ದಿನಾಂಕ ಹೇಳುತ್ತವೆ. ಈ ಎಣಿಕೆಗೆ 32 ಅಂಕಿಗಳ ಮನೆಯಿದ್ದರೆ ಅದು 2,14,74,83,647ಕ್ಕೆ ಮುಗಿಯುತ್ತದೆ. 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್ ಆದಾಗ ಆ ಮನೆ ತುಂಬುತ್ತದೆ. ಮರುಸೆಕೆಂಡಿಗೆ ಎಣಿಕೆ ಋಣವಾಗಿ, ಅಂಥ ಯಂತ್ರ 1901ರ ಡಿಸೆಂಬರ್ ಎಂದು ತೋರಿಸಬಹುದು! ಇದನ್ನು ತಪ್ಪಿಸಲು ತಂತ್ರಜ್ಞರು 64 ಅಂಕಿಗಳ ಎಣಿಕೆಯನ್ನು ಬಳಕೆಗೆ ತಂದಿದ್ದಾರೆ. ಆದರೆ ಹಳೆಯ ಯಂತ್ರಗಳನ್ನು ಹುಡುಕಿ ಸರಿಪಡಿಸಬೇಕು. ಆ ಹೊತ್ತಿಗೆ ಈ ಕೆಲಸ ನಿಮ್ಮಲ್ಲೇ ಕೆಲವರ ಪಾಲಿಗೆ ಬಂದರೂ ಬಂದೀತು!

ನೀವೇ ಮಾಡಿ: ಕೈಯಲ್ಲಿ 3 ರೂಪಾಯಿ, ಕೊಡಬೇಕಾದದ್ದು 5. ಎರಡರ ಪೂರಕ ಬಳಸಿ 3 − 5 ಲೆಕ್ಕ ಮಾಡಿ. 1110 ಬಂದರೆ ಸರಿ. ಅದರ ಅಂಕಿಗಳನ್ನು ಅದಲುಬದಲು ಮಾಡಿ 1 ಕೂಡಿಸಿ. ನಿಮ್ಮ ಸಾಲ ಎಷ್ಟೆಂದು ತಿಳಿಯುತ್ತದೆ.