ನೀರಿನ ಅಪವಾದಗುಣ

ಮಾಣಿಯ ಸಮೀಪ ಹರಿಯುವ ನೇತ್ರಾವತಿ ಎಂದೂ ಹೆಪ್ಪುಗಟ್ಟದು. ಆದರೂ ಶೀತದೇಶದ ಮೀನುಗಳನ್ನು ಕಾಯುವ ಗುಣವೊಂದು ಆ ನೀರಿನಲ್ಲಿಯೂ ಅಡಗಿದೆ. ದ್ರವಗಳು ತಣಿದಷ್ಟೂ ಸಂಕುಚಿಸಿ ಸಾಂದ್ರವಾಗುವುದು ಸಾಮಾನ್ಯ ನಿಯಮ. ನೀರು ಅದನ್ನು 4 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಪಾಲಿಸಿ, ಅದಕ್ಕಿಂತ ತಣ್ಣಗಾದರೆ ಹಿಗ್ಗತೊಡಗುತ್ತದೆ.

ನೀರಿನ ಪ್ರತಿಯೊಂದು ಅಣುವೂ ಜಲಜನಕ ಬಂಧದಿಂದ ನಾಲ್ಕು ನೆರೆಯಣುಗಳನ್ನು ಹಿಡಿಯಲೆಳಸುತ್ತದೆ. ಆಗ ತೆರಪುಳ್ಳ ಜಾಲವೇರ್ಪಡುತ್ತದೆ. ಶೈತ್ಯ ಹೆಚ್ಚಿದಂತೆ ಚಲನೆ ಕುಗ್ಗಿ ಅಣುಗಳು ಹತ್ತಿರ ಸರಿಯುತ್ತವೆ. ಜೊತೆಗೆ ಜಾಲವೂ ಬೆಳೆಯುತ್ತದೆ. 4 ಡಿಗ್ರಿಯಲ್ಲಿ ಇವೆರಡೂ ಸಮಬಲ. ಅದರಿಂದ ಕೆಳಗೆ ಜಾಲದ್ದೇ ಮೇಲುಗೈ. ಆದುದರಿಂದಲೇ ಕಾಶ್ಮೀರದ ದಾಲ್ ಸರೋವರದ ಮೇಲ್ಮೈ ಹೆಪ್ಪುಗಟ್ಟಿದರೂ ಭಾರವಾದ ಬೆಚ್ಚನೆಯ ನೀರು ತಳದಲ್ಲುಳಿದು ಮೀನುಗಳು ಬದುಕುತ್ತವೆ.

ನೇತ್ರಾವತಿ ಮಂಗಳೂರಿನಲ್ಲಿ ಸೇರುವ ಕಡಲಿನ ಉಪ್ಪುನೀರಿಗೆ ಈ ಗುಣವಿಲ್ಲ. ಕಿಲೋಗ್ರಾಮಿಗೆ ಸುಮಾರು 25 ಗ್ರಾಮಿಗಿಂತ ಹೆಚ್ಚು ಉಪ್ಪಿದ್ದರೆ, ನೀರು ಹೆಪ್ಪುಗಟ್ಟುವವರೆಗೂ ಸಾಂದ್ರವಾಗುತ್ತಲೇ ಹೋಗುತ್ತದೆ.