ರೊಟ್ಟಿ ಬಡಿಯುವ ಪಾಠ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಅರಿವಿಗೆ ಅವರು ತೋರಿದ ದಾರಿಗಳು ಎರಡು. ಒಂದು ಕಾಲಿನದು, ಇನ್ನೊಂದು ಕಣ್ಣಿನದು. ಇತ್ತೀಚಿನ ವರ್ಷಗಳಲ್ಲಿ ಪ್ರವಾಸ ಹೊರಡುವವರು ಇವುಗಳ ಜೊತೆಗೆ ಮೂರನೆಯ ದಾರಿಯೊಂದನ್ನು ಹಿಡಿದಿದ್ದಾರೆ. ಅದು ಕೈಯ ದಾರಿ. ಹೋದ ಊರಿನ ಗುಡಿ ಗೋಪುರಗಳನ್ನು ನೋಡಿ, ಅಲ್ಲಿಯ ಊಟ ಉಂಡು ಮರಳುವುದಷ್ಟೇ ಅವರಿಗೆ ಸಾಲದು. ಆ ಊಟವನ್ನು ಮಾಡುವ ಬಗೆಯನ್ನು ಅಲ್ಲಿಯ ಮನೆಯಾಕೆಯ ಮಗ್ಗುಲಲ್ಲಿ ನಿಂತು, ಹಿಟ್ಟಿನಲ್ಲಿ ಕೈಯಾಡಿಸಿ ಕಲಿತು ಬರಬೇಕೆಂಬುದು ಅವರ ಹಂಬಲ. ಅದಕ್ಕಾಗಿ ಹಣವನ್ನೂ ಕೊಡುತ್ತಾರೆ, ಅರ್ಧ ದಿನವನ್ನೂ ಮೀಸಲಿಡುತ್ತಾರೆ. ಈ ಪದ್ಧತಿಗೆ ಹೆಸರಾದ ದೇಶ ಇಟಲಿ. ಆ ದೇಶದ ನಿದರ್ಶನವನ್ನು ಮುಂದಿಟ್ಟುಕೊಂಡು, ಸೊಲ್ಲಾಪುರದಿಂದ ವಿಜಾಪುರಕ್ಕೆ ಹೋಗುವ ರಸ್ತೆಯ ಇಕ್ಕೆಲಗಳ ಮನೆಗಳಲ್ಲಿರುವ ಒಂದು ವಿದ್ಯೆಯನ್ನು ಕುರಿತು ವಾಚಕರೊಡನೆ ನಾಲ್ಕು ಮಾತು ಆಡಬೇಕೆಂದು ನಮಗನಿಸಿದೆ.

ಇಟಲಿಯ ಬೊಲೊನ್ಯಾ ನಗರದ ಸುತ್ತಿನಲ್ಲಿ ಗೋದಿಯ ಹಿಟ್ಟಿಗೆ ತತ್ತಿ ಬೆರೆಸಿ ನಾದಿ, ಮಾರುದ್ದದ ಲಟ್ಟಣಿಗೆಯಿಂದ ಹಾಳೆಯಷ್ಟು ತೆಳ್ಳಗೆ ಲಟ್ಟಿಸುತ್ತಾರೆ. 100 ಗ್ರಾಂ ಹಿಟ್ಟಿಗೆ 1 ತತ್ತಿ ಎಂಬುದು ಅಲ್ಲಿಯ ಮನೆಮಾತಿನ ಲೆಕ್ಕ. ಆ ಹಾಳೆಯನ್ನು ಮಡಿಸಿ ಪಟ್ಟಿಪಟ್ಟಿಯಾಗಿ ಕೊಯ್ದರೆ ತಾಲ್ಯಾತೆಲ್ಲೆ ಎಂಬ ಪದಾರ್ಥವಾಗುತ್ತದೆ. ಬೆಂದ ಪಟ್ಟಿಯ ಅಗಲ 8 ಮಿಲಿಮೀಟರು ಇರಬೇಕೆಂದು ನಿಶ್ಚಯಿಸಿ, 1972ರಲ್ಲಿ ಅದರ ಬಂಗಾರದ ಮಾದರಿಯೊಂದನ್ನು ಆ ನಗರದ ವಾಣಿಜ್ಯ ಮಂಡಳಿಯಲ್ಲಿ ಇರಿಸಿದ್ದಾರೆ. ದಕ್ಷಿಣದ ಬಾರಿ ಎಂಬ ಬಂದರಿನ ಹಳೆಯ ಓಣಿಯಲ್ಲಿ ಹೆಂಗಸರು ಮನೆಯ ಮುಂದೆ ಮೇಜು ಹಾಕಿಕೊಂಡು, ಗೋದಿಯ ರವೆಯ ಕಣಕದಿಂದ ಕಿವಿಯಾಕಾರದ ಸಣ್ಣ ತುಣುಕುಗಳನ್ನು ಚಾಕುವಿನ ಬೆನ್ನಿನಿಂದಲೂ ಹೆಬ್ಬೆರಳಿನಿಂದಲೂ ಮಾಡುತ್ತ ಕುಳಿತಿರುತ್ತಾರೆ. ಮದುವೆಯ ಮನೆಯಲ್ಲಿ ಶಾವಿಗೆ, ಪರಡಿ, ಗವಲಿ ಮಾಡುವ ನಮ್ಮ ತಾಯಂದಿರನ್ನು ಕಂಡವರಿಗೆ ಆ ಓಣಿ ಪರಕೀಯವೆನಿಸಲಾರದು. ನೇಪಲ್ಸ್ ನಗರದ ಪಿಜ್ಜಾ ಮಾಡುವವರ ಕೈಗಾರಿಕೆಯನ್ನು ಯುನೆಸ್ಕೋ ಸಂಸ್ಥೆ 2017ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು.

ಆ ದೇಶದಲ್ಲಿ ಅಡಿಗೆಗೆ ಈ ಗೌರವ ಬಂದ ಬಗೆಯಲ್ಲಿ ಒಂದು ಸಂಗತಿ ನಮ್ಮ ಮನಸ್ಸನ್ನು ಸೆಳೆಯುತ್ತದೆ. ಪೆಲ್ಲೆಗ್ರೀನೋ ಆರ್ತೂಸಿ ಎಂಬ ರೇಷ್ಮೆಯ ವ್ಯಾಪಾರಿ 1891ರಲ್ಲಿ ತನ್ನ ಸ್ವಂತ ಖರ್ಚಿನಿಂದ ಪಾಕಶಾಸ್ತ್ರದ ಗ್ರಂಥವೊಂದನ್ನು ಅಚ್ಚು ಹಾಕಿಸಿದನು. ಪ್ರಕಾಶಕರು ಅದನ್ನು ಒಲ್ಲೆನೆಂದಿದ್ದರು. ಮೊದಲ ಮುದ್ರಣದಲ್ಲಿ 475 ಅಡಿಗೆಗಳಿದ್ದವು. ಕೊನೆಗೆ ಅವು 790 ಆದವು. ಈ ಎಲ್ಲ ಅಡಿಗೆಗಳನ್ನು ಒಲೆಯ ಮುಂದೆ ನಿಂತು ಮಾಡಿ ನೋಡಿದವರಲ್ಲಿ ಮುಖ್ಯಳು ಅವನ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಮಾರಿಯೆತ್ತಾ ಸಬಾತೀನಿ. ಆರ್ತೂಸಿ ಒಂದು ಅಡಿಗೆಗೆ ಅವಳ ಹೆಸರನ್ನೇ ಇಟ್ಟನು. 1911ರಲ್ಲಿ ಅವನು ತೀರಿಕೊಂಡಾಗ ಗ್ರಂಥದ ಹಕ್ಕು ಅವನ ಮೃತ್ಯುಪತ್ರದಂತೆ ಅವಳಿಗೂ ಮನೆಯ ಅಡಿಗೆಯವನಿಗೂ ಸೇರಿತು. ಆರ್ತೂಸಿ ಹುಟ್ಟಿದ ಫೋರ್ಲಿಂಪೋಪೊಲಿ ಎಂಬ ಊರಿನಲ್ಲಿ 2007ರಲ್ಲಿ ಮನೆಯಡಿಗೆಗೆಂದೇ ಒಂದು ಕೇಂದ್ರ ತೆರೆಯಿತು. ಅಲ್ಲಿ ಬಂದವರಿಗೆ ಹಿಟ್ಟು ಲಟ್ಟಿಸುವುದನ್ನು ಕಲಿಸುವವರಿಗೆ ಮಾರಿಯೆತ್ತೆಯರು ಎಂದೇ ಹೆಸರು. ಕಲಿಸುವ ಕೈಗೆ ಹೆಸರೂ ಇದೆ, ಪಾಲೂ ಇದೆ ಎಂಬುದೇ ಈ ಸಂಗತಿಯ ತಿರುಳು.

ಶಿಕ್ಷಕ ತರಬೇತಿ ಪಡೆದ ನಮ್ಮಂಥವರಿಗೆ ಇಟಲಿ ಎಂದೊಡನೆ ನೆನಪಾಗುವ ಹೆಸರು ಬೇರೆ: ಡಾಕ್ಟರ್ ಮಾರಿಯಾ ಮಾಂಟೆಸೊರಿ. 1907ರ ಜನವರಿಯಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಅವರು ಮಕ್ಕಳ ಮನೆಯನ್ನು ತೆರೆದರು. ನೀರು ಸುರಿಯುವುದು, ಗುಂಡಿ ಹಾಕುವುದು, ಕಸ ಗುಡಿಸುವುದು ಮುಂತಾದ ಮನೆಗೆಲಸಗಳೇ ಅಲ್ಲಿ ಮೊದಲ ಪಾಠಗಳಾಗಿದ್ದವು. ಕೈ ಪಳಗಿದಂತೆ ಬುದ್ಧಿಯೂ ಪಳಗುತ್ತದೆ ಎಂಬುದು ಅವರ ಸಿದ್ಧಾಂತ. 1931ರಲ್ಲಿ ಲಂಡನ್ನಿನಲ್ಲಿ ಗಾಂಧೀಜಿಯವರೂ ಅವರೂ ಭೇಟಿಯಾದರು. 1937ರಲ್ಲಿ ವರ್ಧೆಯಲ್ಲಿ ಗಾಂಧೀಜಿಯವರು ಮುಂದಿಟ್ಟ ಮೂಲಶಿಕ್ಷಣದ ಯೋಜನೆಯೂ ಕೈಗೆಲಸವನ್ನೇ ನಡುಗಂಬವಾಗಿ ಹಿಡಿದಿತ್ತು. 1939ರಲ್ಲಿ ಮಾಂಟೆಸೊರಿಯವರು ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧಕಾಲದ ವರ್ಷಗಳನ್ನು ನಮ್ಮ ದೇಶದಲ್ಲಿಯೇ ಶಿಕ್ಷಕರನ್ನು ತರಬೇತುಗೊಳಿಸುತ್ತ ಕಳೆದರು. ಮಾಡಿ ಕಲಿಯುವ ತತ್ವ ನಮಗೆ ಹೊಸದಲ್ಲ. ಅದನ್ನು ನಮ್ಮ ಅಡಿಗೆಯ ಮನೆಗೆ ಅನ್ವಯಿಸಿ ನೋಡಿಲ್ಲ, ಅಷ್ಟೆ.

ಈಗ ನಮ್ಮ ರಸ್ತೆಗೆ ಬರೋಣ. ಸೊಲ್ಲಾಪುರದ ವಿಜಾಪುರ ನಾಕೆಯಿಂದ ಹೊರಟರೆ, ಸೋರೆಗಾಂವ ಮಂದ್ರೂಪಗಳನ್ನು ಹಾಯ್ದು, ಭೀಮೆಯನ್ನು ದಾಟಿ ಕರ್ನಾಟಕವನ್ನು ಸೇರುತ್ತೇವೆ. 2014ರಲ್ಲಿ ಬಿಜಾಪುರವು ಸರಕಾರದ ದಫ್ತರಿನಲ್ಲಿ ವಿಜಯಪುರವಾಯಿತು; ನಮ್ಮ ಬಾಯಲ್ಲಿ ಅದು ಎಂದಿನಂತೆ ವಿಜಾಪುರವೇ. ಗೋಲಗುಮ್ಮಟ ನೋಡಹೋಗುವವರು, ಅಕ್ಕಲಕೋಟೆಯ ಯಾತ್ರಿಕರು, ಚಳಿಗಾಲದಲ್ಲಿ ಸೀತನಿ ತಿನ್ನಲು ಹೊಲಗಳಿಗೆ ಬರುವ ಪಟ್ಟಣಿಗರು ಈ ಸೀಮೆಯಲ್ಲಿ ಓಡಾಡುತ್ತಾರೆ. ಇವರೆಲ್ಲರೂ ಉಣ್ಣುವುದು ಬಿಳಿಜೋಳದ ರೊಟ್ಟಿಯನ್ನು. ನಮ್ಮ ಎರೆಭೂಮಿಯ ಹಿಂಗಾರಿ ಜೋಳದ ಕೀರ್ತಿ ಸಣ್ಣದಲ್ಲ. 1930ರ ದಶಕದಲ್ಲಿ ಮೋಹೋಳದಲ್ಲಿ ಆಯ್ದು ತೆಗೆದ ಮಾಲದಂಡಿ ತಳಿ ಇಂದಿಗೂ ರೊಟ್ಟಿಯ ರುಚಿಗೆ ಹೆಸರಾಗಿದೆ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಕಾಳಿಗೆ ಇಷ್ಟು ಮರ್ಯಾದೆ ಬಂದಿದೆ. ಆ ಕಾಳನ್ನು ರೊಟ್ಟಿ ಮಾಡುವ ಕೈಗೆ ಬಂದಿದೆಯೇ ಎಂಬುದು ನಮ್ಮ ಪ್ರಶ್ನೆ.

ಏಕೆಂದರೆ ಈ ಕೈಗೆಲಸ ಇಟಲಿಯ ಹಾಳೆಗಿಂತ ಸುಲಭವಾದುದಲ್ಲ. ಗೋದಿಯ ಹಿಟ್ಟಿಗೆ ನೀರು ಬಿದ್ದೊಡನೆ ಅದರೊಳಗಿನ ಗ್ಲೂಟೆನ್ ಎಂಬ ಅಂಟು ಜಾಲವಾಗಿ ಹಬ್ಬುತ್ತದೆ. ಆದ್ದರಿಂದ ಕಣಕ ಎಳೆದರೆ ಹಿಗ್ಗುತ್ತದೆ, ಲಟ್ಟಿಸಿದರೆ ಹರಡುತ್ತದೆ. ಜೋಳದಲ್ಲಿ ಆ ಅಂಟಿಲ್ಲ. ಅದಕ್ಕೇ ನಮ್ಮ ಅಜ್ಜಿಯರು ಕುದಿಯುವ ಎಸರನ್ನು ಹಿಟ್ಟಿನ ನಡುವೆ ಹೊಯ್ಯುತ್ತಾರೆ. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಜಿಗುಟಾಗುತ್ತದೆ. ಆ ಜಿಗುಟೇ ಗ್ಲೂಟೆನ್ನಿನ ಕೆಲಸವನ್ನು ಮಾಡುತ್ತದೆ. ಬೀಸಿ ಬಹಳ ದಿನವಾದ ಹಿಟ್ಟು ಜಿಗಿ ಕಳೆದುಕೊಂಡು ಬಿರಿಯುತ್ತದೆ. ಅದರಿಂದಲೇ ವಾರಕ್ಕೆ ಬೇಕಾದಷ್ಟನ್ನೇ ಬೀಸಿಸುವ ರೂಢಿ ಬಂದಿತು. ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಒಮ್ಮೆಗೆ ಒಂದೇ ರೊಟ್ಟಿಯ ಹಿಟ್ಟನ್ನು ನಾದಿ ಒಡನೆಯೇ ಬಡಿಯಬೇಕು. ಬಲಗೈ ಬಡಿಯುತ್ತಿರುವಾಗ ಎಡಗೈ ಅಂಚನ್ನು ಕಾಯುತ್ತದೆ. ರೊಟ್ಟಿ ತಾನೇ ತಿರುಗುತ್ತಿರುವಂತೆ ತೋರುತ್ತದೆ. ಹೆಂಚಿಗೆ ಹಾಕುವಾಗ ಒಣಹಿಟ್ಟು ಹತ್ತಿದ ಮಗ್ಗುಲು ಮೇಲೆ ಬರಬೇಕು. ಅದರ ಮೇಲೆ ನೀರು ಸವರಬೇಕು. ಆ ನೀರು ಒಣಹಿಟ್ಟನ್ನು ಸೀಯಗೊಡದೆ ಮೇಲ್ಪದರವನ್ನು ಕೂಡಿಸುತ್ತದೆ. ನೀರಾರಿದ ಗಳಿಗೆಗೆ ಹೊರಳಿಸಿದರೆ, ಎರಡೂ ಪದರಗಳ ನಡುವೆ ಸಿಕ್ಕಿದ ಉಗಿ ರೊಟ್ಟಿಯನ್ನು ಉಬ್ಬಿಸುತ್ತದೆ. ಒಂದೆಡೆ ಸೀಳಿದ್ದರೂ ಉಗಿ ಹೊರಬೀಳುತ್ತದೆ, ರೊಟ್ಟಿ ಉಬ್ಬುವುದಿಲ್ಲ. ಹೀಗೆ ಪ್ರತಿಯೊಂದು ರೊಟ್ಟಿಯೂ ತನ್ನ ಪರೀಕ್ಷೆಯ ಫಲಿತಾಂಶವನ್ನು ತಾನೇ ಹೇಳುತ್ತದೆ. ಇಂಥ ಪರೀಕ್ಷೆಯನ್ನು ನಾವು ಶಾಲೆಗಳಲ್ಲಿ ಇನ್ನೂ ಕಂಡುಹಿಡಿದಿಲ್ಲ.

ಹಿಂದಿನ ಸೀತನಿಯ ದಿನಗಳಲ್ಲಿ ಈ ರಸ್ತೆಯ ಬದಿಯ ಒಂದು ತೋಟದ ಮನೆಯಲ್ಲಿ ಇಂಥ ಪಾಠವೊಂದನ್ನು ನಾವು ಕಣ್ಣಾರೆ ಕಂಡೆವು. ಪುಣೆಯಿಂದ ಬಂದ ದಂಪತಿಗಳು ಒಲೆಯ ಮುಂದೆ ಕುಳಿತಿದ್ದರು. ಕಲಿಸುತ್ತಿದ್ದವರು ಎಪ್ಪತ್ತು ದಾಟಿದ ಅಜ್ಜಿ. ಆಕೆಯ ಮಾತು ಅರ್ಧ ಕನ್ನಡ, ಅರ್ಧ ಮರಾಠಿ. ಆ ಗೃಹಸ್ಥರು ನೀರಿಗೆ ಅಳತೆ ಕೇಳಿದರು. ಅಜ್ಜಿ ಅವರ ಬೆರಳನ್ನು ಹಿಡಿದು ಹಿಟ್ಟಿನ ಮುದ್ದೆಯಲ್ಲಿ ಒತ್ತಿಸಿ, "ಕಿವಿ ಹಾಲಿಯ ಹಂಗ ಇರಬೇಕು" ಎಂದರು. ಮೊದಲ ರೊಟ್ಟಿ ಎತ್ತುವಾಗಲೇ ಮುರಿಯಿತು. ಎರಡನೆಯದು ಹೆಂಚಿಗೆ ಬಿದ್ದು ಮಡಚಿತು. ಅಜ್ಜಿ ಬೈಯಲಿಲ್ಲ, ನಗಲೂ ಇಲ್ಲ. ಮುರಿದ ಹಿಟ್ಟನ್ನು ಕೂಡಿಸಿ ಮತ್ತೆ ಅವರ ಮುಂದಿಟ್ಟರು. ಆರನೆಯದು ಅರ್ಧ ಉಬ್ಬಿತು. ಅವರ ಪತ್ನಿ ಚಪ್ಪಾಳೆ ತಟ್ಟಿದರು. ತರಬೇತಿ ಕಾಲೇಜಿನಲ್ಲಿ ನಾವು ಪುಸ್ತಕದಿಂದ ಓದಿದ ಬೋಧನಾಕ್ರಮವೆಲ್ಲ ಆ ಅಜ್ಜಿಯ ಹತ್ತಿರ ಇತ್ತು: ಮಾಡಿ ತೋರಿಸುವುದು, ಕೈಹಿಡಿದು ಮಾಡಿಸುವುದು, ಮುರಿದದ್ದನ್ನು ಮತ್ತೆ ಕಟ್ಟಿಸುವುದು. ಅತಿಥಿಗಳು ಹೊರಟ ಮೇಲೆ, ಮೊಮ್ಮಕ್ಕಳಿಗೆ ಕಲಿಸಿದ್ದೀರಾ ಎಂದು ನಾವು ಕೇಳಿದೆವು. "ಅವರಿಗ್ಯಾಕ ಈ ಹೊಗಿ? ನನಗ ಸಾಕಾಗೇದ" ಎಂದರು.

ಈ ಉತ್ತರವನ್ನು ನಾವು ಹಗುರವಾಗಿ ತಳ್ಳಿಹಾಕಲಾಗದು. ರೊಟ್ಟಿಯ ಸೊಬಗನ್ನು ಹೊಗಳುವುದು ಉಂಡವರಿಗೆ ಸುಲಭ. ಹತ್ತು ಜನರ ಮನೆಯಲ್ಲಿ ನಸುಕಿನಲ್ಲೆದ್ದು, ಕಟ್ಟಿಗೆಯ ಹೊಗೆಯಲ್ಲಿ ಕಣ್ಣೀರು ಸುರಿಸುತ್ತ ರಾಶಿ ರೊಟ್ಟಿ ಬಡಿದವರಿಗೆ ಗೊತ್ತು ಅದರ ಭಾರ. ಭುಜ ನೋಯುತ್ತದೆ, ಅಂಗೈ ಸುಡುತ್ತದೆ, ಸಂಬಳವಿಲ್ಲ, ರಜೆಯಿಲ್ಲ. ರೊಟ್ಟಿ ಚೆನ್ನಾಗಿದ್ದರೆ ಯಾರೂ ಹೇಳುವುದಿಲ್ಲ, ದಪ್ಪಗಾದರೆ ಎಲ್ಲರೂ ಹೇಳುತ್ತಾರೆ. ನಮ್ಮ ಹೆಣ್ಣುಮಕ್ಕಳು ಈ ಕೆಲಸದಿಂದ ಹಿಂದೆ ಸರಿದರೆ ಅದು ಸೋಮಾರಿತನವಲ್ಲ. ವಿದ್ಯೆಯನ್ನು ನಾವು ಅವರಿಗೆ ವಿದ್ಯೆಯೆಂದು ಕೊಡಲಿಲ್ಲ. ಸೊಸೆಯಾದವಳ ಹಣೆಬರಹವೆಂದು ಹೇರಿದೆವು. ಪುಣೆಯ ಗೃಹಸ್ಥರಿಗೆ ಅದೇ ಕೆಲಸ ಸಂತೋಷವಾದದ್ದು ಏಕೆ? ಅವರು ಅದನ್ನು ತಾವೇ ಬಯಸಿ ಕಲಿತರು, ಕಲಿಸಿದವರಿಗೆ ಗುರುವಿನ ಮರ್ಯಾದೆ ಕೊಟ್ಟರು, ಗಂಡಸಾಗಿಯೂ ಒಲೆಯ ಮುಂದೆ ಕುಳಿತರು.

ಗಡಿಯ ಈಚೆಗಿರುವ ನಮಗೆ ಇದರಲ್ಲಿ ಇನ್ನೊಂದು ನಷ್ಟವೂ ಇದೆ. ನಮ್ಮ ಮಕ್ಕಳ ಕನ್ನಡ ಪುಸ್ತಕದಿಂದಷ್ಟೇ ಬೆಳೆಯುವುದಿಲ್ಲ. ಎಸರು, ನಾದು, ಬಡಿ, ಸವರು, ಹೊರಳಿಸು, ಉಬ್ಬು, ಕೆಂಡ, ಜಿಗಿ ಎಂಬ ಮಾತುಗಳು ಒಲೆಯ ಮುಂದೆಯೇ ಕಿವಿಗೆ ಬೀಳಬೇಕು. ಅಂಗಡಿಯಿಂದ ಪೊಟ್ಟಣದಲ್ಲಿ ಬಂದ ಖಡಕ ರೊಟ್ಟಿ ಹೊಟ್ಟೆ ತುಂಬಿಸುತ್ತದೆ, ಮಾತು ಕಲಿಸುವುದಿಲ್ಲ. ರೊಟ್ಟಿ ಮಾರಿ ಸಂಸಾರ ಸಾಗಿಸುವ ಸೋದರಿಯರ ಬಗ್ಗೆಯಾಗಲಿ ಯಂತ್ರದ ಬಗ್ಗೆಯಾಗಲಿ ನಮ್ಮ ತಕರಾರಿಲ್ಲ. ನಿತ್ಯದ ರಾಶಿಯನ್ನು ಯಂತ್ರ ಬಡಿಯಲಿ; ವಿದ್ಯೆ ಮಾತ್ರ ಕೈಯಲ್ಲಿ ಉಳಿಯಲಿ.

ಹಾಗಾದರೆ ಮಾಡಬೇಕಾದುದೇನು? ಶಾಲೆಗಳಿಗೆ ಸಂಬಂಧಿಸಿ ಒಂದು ಮಾತು. 1964-66ರ ಕೊಠಾರಿ ಆಯೋಗ ಕಾರ್ಯಾನುಭವವನ್ನು ಶಿಕ್ಷಣದ ಅಂಗವೆಂದು ಸಾರಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು 10 ದಿನ ಪಾಟಿಚೀಲವಿಲ್ಲದೆ ಊರಿನ ಬಡಗಿ, ಕುಂಬಾರ ಮುಂತಾದ ಕುಶಲಿಗಳ ಬಳಿ ಕಲಿಯಬೇಕೆಂದು ಹೇಳಿದೆ. ಆ ಕುಶಲಿಗಳ ಸಾಲಿನಲ್ಲಿ ರೊಟ್ಟಿ ಬಲ್ಲ ಒಬ್ಬ ಅಜ್ಜಿಯನ್ನು ಕೂಡಿಸಲು ಯಾವ ಅಡ್ಡಿಯೂ ಇಲ್ಲ. ಆಕೆಯನ್ನು ಕುರ್ಚಿ ಹಾಕಿ ಕರೆಯಬೇಕು, ಸಂಭಾವನೆ ಕೊಡಬೇಕು, ಹುಡುಗರನ್ನೂ ಹುಡುಗಿಯರನ್ನೂ ಒಂದೇ ಸಾಲಿನಲ್ಲಿ ಕೂಡಿಸಬೇಕು. ಎಸರು ಹೊಯ್ದರೆ ಹಿಟ್ಟು ಏಕೆ ಕೂಡಿತು, ರೊಟ್ಟಿ ಏಕೆ ಉಬ್ಬಿತು ಎಂಬುದನ್ನು ವಿಜ್ಞಾನದ ಶಿಕ್ಷಕರು ಅಲ್ಲಿಯೇ ವಿವರಿಸಬಹುದು.

ಮನೆಗಳಿಗೆ ಸಂಬಂಧಿಸಿ ಇನ್ನೊಂದು ಮಾತು. ರಜೆಗೆ ಪುಣೆ, ಮುಂಬಯಿ, ಬೆಂಗಳೂರುಗಳಿಂದ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ. ಅವರಿಗೆ ಎಂಟು ದಿನದ ಪಾಠವನ್ನು ಹೀಗೆ ಹಾಕಿಕೊಳ್ಳಬಹುದು. ಮೊದಲ ದಿನ ಜೋಳವನ್ನು ಹಸನು ಮಾಡಿ ಬೀಸಿಸಿ ತರಲಿ. ಎರಡನೆಯ ದಿನ ತಣ್ಣೀರಿನಲ್ಲೊಂದು, ಎಸರಿನಲ್ಲೊಂದು ಮುದ್ದೆ ಮಾಡಿ ಭೇದ ನೋಡಲಿ. ಎಸರನ್ನು ಮಾತ್ರ ದೊಡ್ಡವರು ಹೊಯ್ಯಲಿ. ಮೂರು ನಾಲ್ಕನೆಯ ದಿನ ಬರಿಯ ನಾದುವುದು. ಐದು ಆರನೆಯ ದಿನ ಅಂಗೈಯಗಲದ ಸಣ್ಣ ರೊಟ್ಟಿ ಬಡಿಯುವುದು. ಏಳನೆಯ ದಿನ ಹೆಂಚಿನ ಮೇಲೆ ನೀರು ಸವರಿ ಹೊರಳಿಸುವುದು. ಎಂಟನೆಯ ದಿನ ಅವರು ಮಾಡಿದ್ದನ್ನೇ, ಅದು ಎಷ್ಟೇ ಸೊಟ್ಟಗಿರಲಿ, ಶೇಂಗಾ ಚಟ್ನಿಯೊಡನೆ ಮನೆಮಂದಿಯೆಲ್ಲ ಕುಳಿತು ಉಣ್ಣುವುದು. ಮನೆಯ ಯಜಮಾನರು ಈ ಎಂಟು ದಿನವೂ ವಿದ್ಯಾರ್ಥಿಗಳ ಸಾಲಿನಲ್ಲಿಯೇ ಕುಳಿತುಕೊಳ್ಳಬೇಕೆಂದು ನಮ್ಮ ವಿನಂತಿ.