ಗಾಳಿ ಹೆಚ್ಚಾದರೆ ಗುರಿ ಸಿಗುತ್ತದೆಯೇ?

ಪಶ್ಚಿಮ ಬೆಂಗಳೂರಿನಲ್ಲಿ ಕಡಲಿಲ್ಲ, ಲೇತ್‌ಗಳಿವೆ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್, ಕಾಮಾಕ್ಷಿಪಾಳ್ಯ, ಅದರಾಚೆ ಪೀಣ್ಯ. ಇಲ್ಲಿ ಕೈಯಲ್ಲಿ ಬರೆದ ಡ್ರಾಯಿಂಗ್ ತೋರಿಸಿದರೂ ಪಿಸ್ಟನ್ ಕಡೆದು ಕೊಡುವ ಟರ್ನರ್‌ಗಳು ಸಿಗುತ್ತಾರೆ. ಒಂದೇ ಉಸಿರಿನಲ್ಲಿ ಮುಳುಗಿ ಮೀನು ಹೊಡೆಯುವ ಹುಚ್ಚು ಹತ್ತಿದವರಿಗೆ, ಗಾಳಿಯ ಸ್ಪಿಯರ್‌ಗನ್ ಅನ್ನು ಬಿಚ್ಚಿ ‘ಇಂಪ್ರೂವ್’ ಮಾಡುವ ಆಸೆ ಹುಟ್ಟಲು ಇಷ್ಟು ಸಾಕು. ಆಸೆಯಲ್ಲಿ ತಪ್ಪಿಲ್ಲ. ಅದರ ಜೊತೆ ಬರುವ ನಂಬಿಕೆಗಳಲ್ಲಿ ಅರ್ಧಕ್ಕರ್ಧ ತಪ್ಪು.

ಗನ್ನಿನ ರಚನೆ ಸರಳ. ಹೊರಗೊಂದು ಕೊಳವೆಯಾಕಾರದ ಟ್ಯಾಂಕ್, ಒಳಗೊಂದು ನಳಿಗೆ, ನಳಿಗೆಯೊಳಗೆ ಓ-ರಿಂಗ್ ತೊಟ್ಟ ಪಿಸ್ಟನ್. ಹ್ಯಾಂಡ್ ಪಂಪಿನಿಂದ 20ರಿಂದ 30 ಬಾರ್ ಗಾಳಿ ತುಂಬಬೇಕು. ಕಾರಿನ ಟೈರಿಗೆ ನಾವು ಹಾಕಿಸುವ 33 ಪಿಎಸ್‌ಐ ಎಂದರೆ ಸುಮಾರು ಎರಡೂಕಾಲು ಬಾರ್ ಮಾತ್ರ. ಆಮೇಲೆ ಉಕ್ಕಿನ ಶಾಫ್ಟನ್ನು, ಅಂದರೆ ಈಟಿಯನ್ನು, ಮೂತಿಯಿಂದ ಒಳಕ್ಕೆ ಒತ್ತಿ ಪಿಸ್ಟನ್ನನ್ನು ಹಿಂದಕ್ಕೆ ಕಚ್ಚಿಸಬೇಕು. ಕುದುರೆ ಎಳೆದರೆ ಗಾಳಿ ಪಿಸ್ಟನ್ನನ್ನು ನೂಕುತ್ತದೆ, ಪಿಸ್ಟನ್ ಶಾಫ್ಟನ್ನು ನೂಕುತ್ತದೆ.

“ಪ್ರೆಶರ್ ಹೆಚ್ಚಿಸಿದಷ್ಟೂ ದೂರ ಹೊಡೆಯುತ್ತದೆ”

ಎಲ್ಲ ಮಾರ್ಪಾಡುಗಳ ತಾಯಿ ನಂಬಿಕೆ ಇದು. ಲೆಕ್ಕ ಹಾಕಿ ನೋಡೋಣ. 13 ಮಿ.ಮೀ. ಬೋರಿನ ನಳಿಗೆಯಲ್ಲಿ 20 ಬಾರ್ ಇದ್ದರೆ, ಲೋಡ್ ಮಾಡಲು ತೊಡಗುವಾಗಲೇ ಕೈಗೆ ಸುಮಾರು 27 ಕಿಲೋ ಎದುರೊತ್ತಡ. 30 ಬಾರ್‌ಗೆ ಏರಿಸಿದರೆ ಅದು 40 ಕಿಲೋ ದಾಟುತ್ತದೆ, ಒತ್ತುತ್ತ ಹೋದಂತೆ ಇನ್ನೂ ಏರುತ್ತದೆ. ನೀರಿನಲ್ಲಿ ತೇಲುತ್ತ, ಕಾಲಿಗೆ ಆಧಾರವಿಲ್ಲದೆ ಈ ಒತ್ತುವ ಕೆಲಸ ಆಗಬೇಕು. ಇಷ್ಟು ಕಷ್ಟಪಟ್ಟ ಮೇಲೆ ಸಿಗುವ ಲಾಭವೆಷ್ಟು? ಶಕ್ತಿ ಒಂದೂವರೆ ಪಟ್ಟಾದರೂ ವೇಗ ಅದರ ವರ್ಗಮೂಲದಷ್ಟೇ ಏರುವುದು. ಅಂದರೆ ಹೆಚ್ಚೆಂದರೆ ಶೇ 22.

ಆ ಶೇ 22ಕ್ಕೂ ನೀರು ಸುಂಕ ಹಾಕುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ಅದರ ತಡೆ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಹೀಗಾಗಿ ಶಾಫ್ಟ್ ಎಷ್ಟು ಜೋರಾಗಿ ಹೊರಟರೂ ಪ್ರತಿ ಮೀಟರಿಗೆ ತನ್ನ ವೇಗದಲ್ಲಿ ಹೆಚ್ಚುಕಡಿಮೆ ಅಷ್ಟೇ ಪಾಲು ಕಳೆದುಕೊಳ್ಳುತ್ತ ಹೋಗುತ್ತದೆ. ಹಿಂದೆ ಎಳೆದುಕೊಂಡು ಹೋಗುವ ದಾರದ ಭಾರ ಬೇರೆ. ಕೊನೆಗೆ ದಕ್ಕುವುದು ಅಲ್ಪ ದೂರ. ಅದಕ್ಕೆ ತೆರುವ ಬೆಲೆ ದೊಡ್ಡದು: ಗನ್ ಜೋರಾಗಿ ಹಿಂದಕ್ಕೆ ಒದ್ದು ಗುರಿ ಕೆಡುತ್ತದೆ, ಪಿಸ್ಟನ್ ಬಡಿದು ಬಡಿದು ಮೂತಿ ಸವೆಯುತ್ತದೆ.

ಇಷ್ಟಕ್ಕೂ “ನನ್ನ ಗನ್ನಿಗೆ ದಮ್ ಇಲ್ಲ, ಶಾಫ್ಟ್ ಮೀನಿನವರೆಗೂ ಹೋಗಲೇ ಇಲ್ಲ” ಎಂಬ ದೂರಿನಲ್ಲಿ ಬಹಳ ಸಲ ಗನ್ನಿನ ತಪ್ಪೇ ಇರುವುದಿಲ್ಲ. ಮಾಸ್ಕಿನ ಗಾಜಿನ ಹಿಂದೆ ಗಾಳಿ, ಮುಂದೆ ನೀರು. ಬೆಳಕು ಬಾಗಿ ಬರುವುದರಿಂದ ತಿಳಿನೀರಿನಲ್ಲಿ ನಾಲ್ಕು ಮೀಟರ್ ದೂರದ ಮೀನು ಮೂರೇ ಮೀಟರಿನಲ್ಲಿರುವಂತೆ, ಗಾತ್ರದಲ್ಲೂ ದೊಡ್ಡದಾಗಿ ಕಾಣುತ್ತದೆ. ಲೇತ್‌ಗೆ ಹೋಗುವ ಮೊದಲು ನೀರಿನಡಿ ಒಂದು ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ ನೋಡಿಕೊಂಡರೆ ಖರ್ಚೂ ಉಳಿಯುತ್ತದೆ, ಕಣ್ಣೂ ಪಳಗುತ್ತದೆ.

“ವ್ಯಾಕ್ಯೂಮ್ ಕಿಟ್ ಹಾಕಿಸಿದರೆ ಪವರ್ ಬರುತ್ತದೆ”

ಇದು ಅರ್ಧ ನಿಜ, ಮತ್ತು ನನ್ನ ಮಟ್ಟಿಗೆ ಮಾಡಲು ಯೋಗ್ಯವಾದ ಒಂದೇ ದೊಡ್ಡ ಮಾರ್ಪಾಡು. ಸಾಮಾನ್ಯ ಗನ್ನಿನ ನಳಿಗೆಯಲ್ಲಿ ನೀರು ತುಂಬಿಕೊಂಡಿರುತ್ತದೆ. 13 ಮಿ.ಮೀ. ಬೋರು, 80 ಸೆಂ.ಮೀ. ಉದ್ದದ ನಳಿಗೆಯಲ್ಲಿ, 7 ಮಿ.ಮೀ. ಶಾಫ್ಟಿನ ಜಾಗ ಕಳೆದರೂ ಸುಮಾರು 75 ಮಿ.ಲೀ. ನೀರು. ಕುದುರೆ ಎಳೆದ ಕ್ಷಣಾರ್ಧದಲ್ಲಿ ಅಷ್ಟೂ ನೀರು ಮೂತಿಯ ಪುಟ್ಟ ತೂತುಗಳಿಂದ ಹೊರಬೀಳಬೇಕು. ಕಿಟ್ ಮಾಡುವುದಿಷ್ಟೇ: ಮೂತಿಯಲ್ಲೊಂದು ಸೀಲ್ ಇಟ್ಟು, ಲೋಡ್ ಮಾಡಿದ ಮೇಲೆ ನೀರು ಒಳಕ್ಕೆ ಬಾರದಂತೆ ತಡೆಯುತ್ತದೆ. ಹೊಸ ಶಕ್ತಿಯೇನೂ ಹುಟ್ಟುವುದಿಲ್ಲ, ಪೋಲಾಗುತ್ತಿದ್ದುದು ಉಳಿಯುತ್ತದೆ. ಹಾಗಾಗಿ ಕಡಿಮೆ ಪ್ರೆಶರ್‌ನಲ್ಲೇ ಮೊದಲಿನ ಕೆಲಸ ನಡೆಯುತ್ತದೆ. ಕಿಟ್ ಹಾಕಿಸಿಯೂ 30 ಬಾರ್ ತುಂಬುವವರಿಗೆ ಏನು ಹೇಳುವುದು! ಪಿಸ್ಟನ್ನಿಗೆ ಬ್ರೇಕ್ ಆಗಿದ್ದುದೇ ಆ ನೀರು. ಅದಿಲ್ಲದೆ ಪಿಸ್ಟನ್ ನೇರ ಮೂತಿಗೆ ಬಡಿಯುತ್ತದೆ.

“ಮ್ಯಾಗ್ನೆಟ್ ಅಂಟದಿದ್ದರೆ ಒಳ್ಳೆಯ ಸ್ಟೀಲು”

ಪಾತ್ರೆ ಅಂಗಡಿಯಿಂದ ಬಂದ ನಂಬಿಕೆ. ನಿಕ್ಕಲ್ ಕಡಿಮೆ ಇರುವ ಅಗ್ಗದ 202 ಸ್ಟೀಲಿಗೂ ಮ್ಯಾಗ್ನೆಟ್ ಅಂಟುವುದಿಲ್ಲ. ಉಪ್ಪುನೀರಿನಲ್ಲಿ ಅದು ಚುಕ್ಕಿಚುಕ್ಕಿಯಾಗಿ ತೂತು ಬೀಳುತ್ತದೆ. ಕಡಲಿಗೆ ಹೆಚ್ಚು ತಾಳುವ 316ರ ಗುಟ್ಟು ಅದರಲ್ಲಿರುವ ಶೇ 2–3 ಮಾಲಿಬ್ಡಿನಮ್, ಅದನ್ನು ಮ್ಯಾಗ್ನೆಟ್ ಹೇಳಲಾರದು. ತಮಾಷೆಯೆಂದರೆ ಒಳ್ಳೆಯ ಶಾಫ್ಟ್‌ಗಳಿಗೆ ಬಳಸುವ 17-4 ಪಿಎಚ್ ಎಂಬ ಗಡಸು ಸ್ಟೇನ್‌ಲೆಸ್‌ಗೆ ಮ್ಯಾಗ್ನೆಟ್ ಚೆನ್ನಾಗಿಯೇ ಅಂಟುತ್ತದೆ. ಈ ಪರೀಕ್ಷೆ ನಂಬಿದವನು ಒಳ್ಳೆಯದನ್ನು ಬಿಸಾಕಿ ಕೆಟ್ಟದ್ದನ್ನು ಇಟ್ಟುಕೊಳ್ಳುತ್ತಾನೆ. ಸಂಶಯವಿದ್ದರೆ ಪೀಣ್ಯದ ಲೋಹ ಪರೀಕ್ಷೆಯ ಲ್ಯಾಬಿಗೆ ಒಂದು ತುಂಡು ಕೊಡಿ.

ಟ್ಯಾಂಕಿನ ಕೊಳವೆಯನ್ನು ಮಾತ್ರ ಯಾವ ಲೇತ್‌ನಲ್ಲೂ ಮುಟ್ಟಿಸಬೇಡಿ. ಟರ್ನರ್ ಎಷ್ಟೇ ನಿಪುಣನಿರಲಿ, ‘ಸ್ವಲ್ಪ ತೂಕ ಇಳಿಸೋಣ’ ಎಂದು ಗೋಡೆ ತೆಳುಮಾಡಿದರೆ ಕೈಯಲ್ಲಿರುವುದು ಬಾಂಬು.

“ಗಾಳಿ ಯಾವುದಾದರೇನು, ತುಂಬಿದರಾಯಿತು”

ಪಂಕ್ಚರ್ ಅಂಗಡಿಯ ಕಂಪ್ರೆಸರ್ ಎಂಟು–ಹತ್ತು ಬಾರ್‌ಗೆ ನಿಂತುಬಿಡುತ್ತದೆ. ಆಗ ಕಣ್ಣು ಪಕ್ಕದ ಗ್ಯಾಸ್ ವೆಲ್ಡಿಂಗ್ ಶಾಪಿನ ಆಕ್ಸಿಜನ್ ಸಿಲಿಂಡರಿನ ಮೇಲೆ ಬೀಳುತ್ತದೆ. ಖಂಡಿತ ಬೇಡ. ಗನ್ನಿನೊಳಗೆ ಓ-ರಿಂಗ್‌ಗಾಗಿ ಎಣ್ಣೆ ಇರುತ್ತದೆ. ಒತ್ತಡದ ಶುದ್ಧ ಆಕ್ಸಿಜನ್‌ಗೆ ಎಣ್ಣೆ ಸೋಕಿದರೆ ಕಿಡಿಯೂ ಬೇಕಿಲ್ಲದೆ ಹೊತ್ತಿ ಸಿಡಿಯಬಹುದು. ಎಣ್ಣೆ ಕೈಯಲ್ಲಿ ರೆಗ್ಯುಲೇಟರ್ ಮುಟ್ಟಬಾರದೆಂದು ಯಾವ ವೆಲ್ಡರನ್ನು ಕೇಳಿದರೂ ಹೇಳುತ್ತಾನೆ. ಕಾರ್ಬನ್ ಡೈಆಕ್ಸೈಡ್ ಕೂಡ ಸಲ್ಲದು. ದ್ರವರೂಪದಲ್ಲಿ ಒಳಸೇರಿದರೆ 25 ಡಿಗ್ರಿಯಲ್ಲೇ ಅದರ ಒತ್ತಡ 60 ಬಾರ್ ಮೀರುತ್ತದೆ. ಗನ್ ಜೊತೆ ಬಂದ ಹ್ಯಾಂಡ್ ಪಂಪೇ ಸರಿ. ತೋಳು ನೋಯುತ್ತದೆ, ನೋಯಲಿ.

ಎಣ್ಣೆಯ ವಿಷಯ ಬಂತಲ್ಲ, ಕೊಬ್ಬರಿ ಎಣ್ಣೆಯೂ ಬೇಡ. 24 ಡಿಗ್ರಿ ಕೆಳಗೆ ಅದು ಗಟ್ಟಿಯಾಗುತ್ತದೆ, ನಮ್ಮೂರಿನ ಡಿಸೆಂಬರ್ ರಾತ್ರಿಗೆ ಅಷ್ಟು ಸಾಕು. ಇನ್ನು, ಬೆಂಗಳೂರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತುಂಬಿದ ಗಾಳಿ ಕಡಲಲ್ಲಿ ಕೆಲಸಕ್ಕೆ ಬಾರದು ಎಂಬ ವಾದಕ್ಕೆ ಅರ್ಥವಿಲ್ಲ: ವ್ಯತ್ಯಾಸ ಬಾರಿನ ಹತ್ತನೆಯ ಒಂದು ಪಾಲು. ಅದಕ್ಕಿಂತ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯ ಬಗ್ಗೆ ಯೋಚಿಸಿ. 25 ಡಿಗ್ರಿಯಿಂದ 60ಕ್ಕೆ ಏರಿದರೆ ಗನ್ನಿನ ಒತ್ತಡ ಶೇ 12ರಷ್ಟು ಏರುತ್ತದೆ.

“ಟೆರೇಸ್ ಮೇಲೆ ಒಂದು ಟೆಸ್ಟ್ ಶಾಟ್”

ನೀರಿನ ತಡೆಯಿಲ್ಲದೆ ಹೊಡೆದರೆ ಪಿಸ್ಟನ್ ಮೂತಿಯನ್ನೇ ಕಿತ್ತು ಹಾಕಬಹುದು, ಶಾಫ್ಟ್ ಪಕ್ಕದ ಮನೆಗೂ ಹೋಗಬಹುದು. ವಿಜಯನಗರದ ಮನೆಗಳ ನಡುವೆ ಎಷ್ಟು ಜಾಗವಿದೆಯೆಂದು ಗೊತ್ತಲ್ಲ! ಮನೆಯಲ್ಲಿ ಮಾಡಬಹುದಾದದ್ದು ಲೀಕ್ ಪರೀಕ್ಷೆ ಮಾತ್ರ: ಶಾಫ್ಟ್ ಹಾಕದೆ, ಕಚ್ಚಿಸದೆ, ಮೂತಿಯನ್ನು ಬಕೆಟ್ ನೀರಿನಲ್ಲಿ ಅದ್ದಿ ಗುಳ್ಳೆ ಏಳುತ್ತದೆಯೇ ನೋಡುವುದು. ಗುಳ್ಳೆ ಎದ್ದರೆ ಗಾಳಿ ಪೂರ್ತಿ ಬಿಟ್ಟ ಮೇಲೆಯೇ ಬಿಚ್ಚಬೇಕು. ಉಳ್ಳಾಲ ಕೆರೆ, ಮಲ್ಲತ್ತಹಳ್ಳಿ ಕೆರೆಗಳೂ ಟೆಸ್ಟ್‌ಗೆ ಜಾಗವಲ್ಲ. ಅಲ್ಲಿ ಮುಳುಗಿದರೆ ಶಾಫ್ಟಿನ ತುದಿಯೂ ಕಾಣುವುದಿಲ್ಲ.

“ಏರ್‌ಗನ್‌ಗೆ ಲೈಸೆನ್ಸ್ ಬೇಡ, ಇದಕ್ಕೂ ಬೇಡ”

2016ರ ಆಯುಧ ನಿಯಮಗಳ ವಿನಾಯಿತಿ ಇರುವುದು 20 ಜೂಲ್ ಒಳಗಿನ, 4.5 ಮಿ.ಮೀ. ಬೋರಿನ ಏರ್‌ಗನ್‌ಗೆ. ಸ್ಪಿಯರ್‌ಗನ್ ಸುಲಭವಾಗಿ 100 ಜೂಲ್ ದಾಟುತ್ತದೆ. ಆ ವಿನಾಯಿತಿಯನ್ನು ಇದಕ್ಕೆ ಅಂಟಿಸಿಕೊಳ್ಳಬೇಡಿ, ತರಿಸುವ ಮೊದಲೇ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಮೀನಿಗೂ ಕಾನೂನಿದೆ. ದೈತ್ಯ ಮುರು ಮೀನು, ಕಡಲ್ಗುದುರೆ, ತಿಮಿಂಗಿಲ ಶಾರ್ಕ್ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿವೆ.

“ಉಸಿರು ಸಾಲದಿದ್ದರೆ ಜೋರಾಗಿ ನಾಲ್ಕು ಸಲ ಎಳೆದುಕೊಂಡು ಮುಳುಗಿ”

ಜನ ಸಾಯುವುದು ಈ ನಂಬಿಕೆಯಿಂದ. ‘ಉಸಿರಾಡು’ ಎಂದು ದೇಹ ಕೂಗುವುದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಏರಿದ್ದರಿಂದ, ಆಕ್ಸಿಜನ್ ಇಳಿದದ್ದರಿಂದಲ್ಲ. ಜೋರಾಗಿ ಉಸಿರಾಡಿ ಇಳಿದರೆ ಆಕ್ಸಿಜನ್ ಹೆಚ್ಚೇನೂ ಕೂಡುವುದಿಲ್ಲ, ಆ ಕೂಗು ಮಾತ್ರ ತಡವಾಗುತ್ತದೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಎರಡು ಬಾರ್, ಮೇಲೆ ಒಂದು. ಮೀನು ಹಿಡಿದ ಖುಷಿಯಲ್ಲಿ ಮೇಲೇರುವಾಗ ಶ್ವಾಸಕೋಶದಲ್ಲಿ ಉಳಿದ ಆಕ್ಸಿಜನ್ನಿನ ಒತ್ತಡವೂ ಅರ್ಧಕ್ಕೆ ಕುಸಿಯುತ್ತದೆ, ಮುನ್ಸೂಚನೆಯೇ ಇಲ್ಲದೆ ಎಚ್ಚರ ತಪ್ಪುತ್ತದೆ. ಈಜುಕೊಳದಲ್ಲಿ ಒಬ್ಬರೇ ಉಸಿರು ಕಟ್ಟಿ ಅಭ್ಯಾಸ ಮಾಡುವವರಿಗೂ ಇದೇ ಅಪಾಯ.

ಹೊಸ ಪಿಸ್ಟನ್ನಿಗೆ, ಕಿಟ್ಟಿಗೆ ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಒಂದು ಫ್ರೀಡೈವಿಂಗ್ ಕೋರ್ಸ್ ಮಾಡಿ. ಎಚ್ಚರ ತಪ್ಪಿದವರನ್ನು ಮೇಲೆತ್ತಲು ಕಲಿತ ಜೊತೆಗಾರರಿಲ್ಲದೆ ನೀರಿಗೆ ಇಳಿಯಬೇಡಿ. ಒಬ್ಬರು ಕೆಳಗಿದ್ದಾಗ ಇನ್ನೊಬ್ಬರು ಮೇಲೆ, ಅವರ ಮೇಲೇ ಕಣ್ಣಿಟ್ಟು ಇರಬೇಕು.